ಹಕೊದಾತೆ ಬಂದರಿನಲ್ಲಿ ಬೇಸಿಗೆಯ ಬಾಣಬಿರುಸು

ಜಪಾನಿನ ಹಕೊದಾತೆಯಲ್ಲಿ ಬಂದರಿನ ಉತ್ಸವ ಪ್ರತಿವರ್ಷ ಆಗಸ್ಟ್ 1ರಂದು ಶುರುವಾಗಿ ಐದು ದಿನ ನಡೆಯುತ್ತದೆ. ಉತ್ಸವದ ಬಾಗಿಲು ತೆರೆಯುವುದು ಮೊದಲ ರಾತ್ರಿಯ ಬಾಣಬಿರುಸು. ಹೊಕ್ಕಾಯ್ದೊ ದ್ವೀಪದ ದಕ್ಷಿಣದ ಅಂಚಿನಲ್ಲಿ, ತ್ಸುಗಾರು ಜಲಸಂಧಿಯ ದಡದಲ್ಲಿ ಈ ಊರಿದೆ. ಒಂದು ಕಾಲಕ್ಕೆ ಬೇರೆಯಾಗಿದ್ದ ಬೆಟ್ಟಕ್ಕೂ ನೆಲಕ್ಕೂ ನಡುವೆ ಕಡಲು ಮರಳನ್ನು ತಂದು ಸುರಿಯುತ್ತಾ ಹೋಗಿ ಉಂಟಾದ ಕಿರಿದಾದ ಪಟ್ಟಿಯ ಮೇಲೆ ಪೇಟೆ ಬೆಳೆದಿದೆ. ಎರಡು ಪಕ್ಕದಲ್ಲೂ ನೀರು, ತುದಿಯಲ್ಲಿ 334 ಮೀಟರ್ ಎತ್ತರದ ಹಕೊದಾತೆ ಬೆಟ್ಟ. ಪಟ್ಟಿಯ ಪಶ್ಚಿಮಕ್ಕೆ, ಬೆಟ್ಟದ ಮರೆಯಲ್ಲಿರುವ ಕೊಲ್ಲಿಯೇ ಬಂದರು. ಬಾಣಬಿರುಸು ಏಳುವುದು ಈ ನೀರಿನ ಮೇಲೆ.

ಬೆಟ್ಟದ ಮರೆಯಿಂದಾಗಿ ಹಡಗುಗಳಿಗೆ ಇದು ಸುರಕ್ಷಿತ ತಂಗುದಾಣ. 1854ರಲ್ಲಿ ಅಮೆರಿಕದೊಂದಿಗೆ ಜಪಾನ್ ಮಾಡಿಕೊಂಡ ಒಪ್ಪಂದದಲ್ಲಿ ನೀರು, ಸೌದೆ, ದಿನಸಿ ತುಂಬಿಕೊಳ್ಳಲು ತೆರೆದುಕೊಟ್ಟ ಎರಡು ಬಂದರುಗಳಲ್ಲಿ ಇದೊಂದು, ಶಿಮೊದಾ ಇನ್ನೊಂದು. 1859ರಲ್ಲಿ ಯೊಕೊಹಾಮಾ, ನಾಗಸಾಕಿಗಳ ಜೊತೆಗೆ ಹಕೊದಾತೆಯೂ ವಿದೇಶಿ ವ್ಯಾಪಾರಕ್ಕೆ ತೆರೆದುಕೊಂಡಿತು. ಬೆಟ್ಟದ ಬುಡದ ಮೊತೊಮಾಚಿ ಬಡಾವಣೆಯಲ್ಲಿ ರಷ್ಯನ್ ಆರ್ಥೊಡಾಕ್ಸ್ ಚರ್ಚು, ಹಳೆಯ ಬ್ರಿಟಿಷ್ ಕಾನ್ಸುಲೇಟ್, ಬೌದ್ಧ ದೇವಾಲಯ ಒಂದರ ಪಕ್ಕ ಒಂದು ನಿಂತಿರುವುದಕ್ಕೆ ಕಾರಣ ಇದೇ.

ಎರಡು ಕಡಲುಗಳ ಗಾಳಿ ಬೀಸುವ, ಮರದ ಮನೆಗಳಿಂದ ಕಿಕ್ಕಿರಿದ ಊರು ಮತ್ತೆ ಮತ್ತೆ ಬೆಂಕಿಗೆ ಸಿಕ್ಕಿತು. 1907ರ ಬೆಂಕಿಯಲ್ಲಿ ಸುಟ್ಟುಹೋದ ಉಗ್ರಾಣಗಳ ಜಾಗದಲ್ಲಿ 1909ರಲ್ಲಿ ಎದ್ದವೇ ಇಂದು ಬಂದರಿನ ಗುರುತಾಗಿರುವ ಕನೆಮೊರಿಯ ಕೆಂಪು ಇಟ್ಟಿಗೆಯ ಉಗ್ರಾಣಗಳು. ಎಲ್ಲಕ್ಕಿಂತ ಘೋರವಾದದ್ದು 1934ರ ಮಾರ್ಚ್ 21ರ ರಾತ್ರಿ. ಬಿರುಗಾಳಿಯ ಜೊತೆ ಸೇರಿದ ಬೆಂಕಿ 11 ಸಾವಿರಕ್ಕೂ ಹೆಚ್ಚು ಕಟ್ಟಡಗಳನ್ನು ನುಂಗಿತು; ಸತ್ತವರು 2,166 ಮಂದಿ. ಕುಸಿದುಹೋಗಿದ್ದ ಜನರ ಮನಸ್ಸನ್ನು ಎತ್ತಿ ನಿಲ್ಲಿಸಲೆಂದು ಮರುವರ್ಷ, 1935ರಲ್ಲಿ, ಬಂದರು ತೆರೆದ ನೆನಪಿನ ಹೆಸರಿನಲ್ಲಿ ಉತ್ಸವವನ್ನು ಆರಂಭಿಸಿದರು. ನೋಡಲು ಹೋಗುವವರು ಇಷ್ಟನ್ನು ತಿಳಿದು ಹೋಗಬೇಕು. ಬೆಂಕಿ ತಿಂದ ಊರು ತನ್ನ ಹಬ್ಬವನ್ನು ಬೆಂಕಿಯ ಹೂವಿನಿಂದಲೇ ಆರಂಭಿಸುತ್ತದೆ ಎಂಬುದು ಗೊತ್ತಿದ್ದವರು ಆ ರಾತ್ರಿ ದಡದಲ್ಲಿ ಕೂರುವ ರೀತಿಯೇ ಬೇರೆ.

ಜಪಾನೀ ಭಾಷೆಯಲ್ಲಿ ಬಾಣಬಿರುಸಿಗೆ ಹನಾಬಿ ಎಂಬ ಹೆಸರು. ಹನಾ ಎಂದರೆ ಹೂವು, ಬಿ ಎಂದರೆ ಬೆಂಕಿ. ಎದೊ ಕಾಲದ ಹನಾಬಿಗೆ ಇದ್ದದ್ದು ಇದ್ದಿಲು ಉರಿದಾಗ ಬರುವ ಕಿತ್ತಳೆ ಛಾಯೆ ಮಾತ್ರ. ವಿದೇಶಿ ವ್ಯಾಪಾರ ಶುರುವಾದ ಮೇಲೆ, ಮೇಜಿ ಕಾಲದಲ್ಲಿ, ಹೊರಗಿನಿಂದ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಬಣ್ಣ ಕೊಡುವ ಲವಣಗಳು ಬಂದವು. ಸ್ಟ್ರಾನ್ಷಿಯಂ ಕೆಂಪು, ಬೇರಿಯಂ ಹಸಿರು, ತಾಮ್ರ ನೀಲಿ, ಸೋಡಿಯಂ ಹಳದಿ. ಇಂದು ಜಪಾನಿನ ಆಕಾಶದಲ್ಲಿ ಕಾಣುವ ಬಣ್ಣಗಳು ಹಕೊದಾತೆಯಂಥ ತೆರೆದ ಬಂದರುಗಳ ಕಾಲದ ಕೊಡುಗೆ. ಆ ಬಣ್ಣಗಳನ್ನು ಅಂಥದೇ ಒಂದು ಬಂದರಿನ ನೀರಿನಲ್ಲಿ ನೋಡುವುದಕ್ಕೆ ಅದರದೇ ಆದ ಔಚಿತ್ಯವಿದೆ.

ಈ ರಾತ್ರಿಯ ಬಾಣಬಿರುಸಿಗೆ ದೋಶಿನ್ ಹನಾಬಿ ಎಂಬ ಹೆಸರಿದೆ. ಇದನ್ನು ನಡೆಸುವ ಹೊಕ್ಕಾಯ್ದೊ ಶಿಂಬುನ್ ಎಂಬ ಪತ್ರಿಕೆಯ ಹೆಸರನ್ನು ಜನ ಮೊಟಕು ಮಾಡಿ ದೋಶಿನ್ ಎನ್ನುತ್ತಾರೆ. ಉತ್ಸವದ ದಿನಾಂಕ ಬದಲಾಗದಿರುವುದರಿಂದ ಪ್ರವಾಸ ಯೋಜಿಸುವುದು ಸುಲಭ. ಆದರೆ ವೇಳೆ, ರಸ್ತೆ ಬಂದ್, ಕಾಸಿನ ಆಸನಗಳ ವಿವರ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಆ ವರ್ಷದ ಪ್ರಕಟಣೆ ನೋಡದೆ ಹಳೆಯ ಮಾಹಿತಿಯನ್ನು ನಂಬಿ ಹೋಗಬಾರದು. ಪ್ರಕಟಣೆಯಲ್ಲಿ ಮಳೆಯ ಬಗ್ಗೆ ಒಂದು ಸಾಲು ಇದ್ದೇ ಇರುತ್ತದೆ, ಅದನ್ನು ಓದಿಸಿಕೊಳ್ಳಬೇಕು. 'ಶೋಉ ಕೆಕ್ಕೋ' ಎಂದಿದ್ದರೆ ತುಂತುರು ಮಳೆಯಲ್ಲೂ ನಡೆಯುತ್ತದೆ. 'ಉತೆನ್ ಜುನ್‌ಎನ್' ಎಂದರೆ ಮಳೆ ಬಂದರೆ ಮುಂದಿನ ದಿನಕ್ಕೆ ಹೋಗುತ್ತದೆ. 'ಕೋತೆನ್ ಚೂಶಿ' ಎಂದರೆ ಹವೆ ಕೆಟ್ಟರೆ ರದ್ದು, ಬೇರೆ ದಿನವಿಲ್ಲ. ಬಾಣಬಿರುಸಿಗೆ ಮಳೆಗಿಂತ ದೊಡ್ಡ ಶತ್ರು ಗಾಳಿ. ಆಕಾಶ ತಿಳಿಯಾಗಿದ್ದರೂ ಗಾಳಿ ಜೋರಾಗಿದ್ದರೆ ನಿಲ್ಲಿಸುತ್ತಾರೆ. ಆದ್ದರಿಂದ ಊರಿನಲ್ಲಿ ಒಂದು ರಾತ್ರಿ ಹೆಚ್ಚು ಇಟ್ಟುಕೊಳ್ಳುವುದು ಜಾಣತನ.

ಆ ಒಂದು ರಾತ್ರಿಗೆ ಕೋಣೆ ಸಿಗುವುದೇ ಕಷ್ಟದ ಮಾತು. ಆಗಸ್ಟ್ ಮೊದಲ ವಾರದಲ್ಲಿ ಜಲಸಂಧಿಯ ಆಚೆ ಅಓಮೊರಿಯಲ್ಲಿ ಪ್ರಸಿದ್ಧ ನೆಬುತಾ ಉತ್ಸವ ನಡೆಯುತ್ತದೆ. ಎರಡೂ ದಡಗಳ ಹೋಟೆಲುಗಳು ಒಟ್ಟಿಗೆ ತುಂಬುತ್ತವೆ. ಹಲವು ತಿಂಗಳು ಮೊದಲೇ ಕಾದಿರಿಸಬೇಕು. ಬಂದರಿನ ಹತ್ತಿರ ಅಥವಾ ರೈಲು ನಿಲ್ದಾಣದ ಸುತ್ತ ಸಿಕ್ಕರೆ ರಾತ್ರಿ ನಡೆದೇ ಹಿಂತಿರುಗಬಹುದು. ಅಲ್ಲಿ ಸಿಗದಿದ್ದರೆ ಊರಿನ ಪೂರ್ವದಲ್ಲಿರುವ ಯುನೊಕಾವಾ ಬಿಸಿನೀರಿನ ಬುಗ್ಗೆಗಳ ಬಡಾವಣೆ ಒಳ್ಳೆಯದು. ಅದು ಟ್ರಾಮಿನ ಹಾದಿಯಲ್ಲಿದೆ, ವಿಮಾನ ನಿಲ್ದಾಣಕ್ಕೂ ಹತ್ತಿರ.

ಭಾರತೀಯರಿಗೆ ಜಪಾನಿಗೆ ಹೋಗಲು ವೀಸಾ ಬೇಕು. ಬೆಂಗಳೂರಿನಲ್ಲಿ ಜಪಾನಿನ ಕಾನ್ಸುಲೇಟ್ ಜನರಲ್ ಇದೆ. ಬೇಸಿಗೆಯ ಪ್ರವಾಸಕ್ಕೆ ಮೊದಲೇ ಅರ್ಜಿ ಹಾಕುವುದು ನೆಮ್ಮದಿ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ನೇರ ವಿಮಾನವಿದೆ. ಟೋಕಿಯೊದಿಂದ ಮುಂದಕ್ಕೆ ಎರಡು ದಾರಿ. ಹನೆದಾದಿಂದ ವಿಮಾನ ಹಿಡಿದರೆ ಸುಮಾರು ಒಂದು ಗಂಟೆ ಇಪ್ಪತ್ತು ನಿಮಿಷ. ಶಿಂಕಾನ್‌ಸೆನ್ ರೈಲು ಹಿಡಿದರೆ ಶಿನ್-ಹಕೊದಾತೆ-ಹೊಕುತೊ ನಿಲ್ದಾಣಕ್ಕೆ ನಾಲ್ಕು ಗಂಟೆಯ ಆಸುಪಾಸು. ಈ ಮಾರ್ಗ ತೆರೆದದ್ದು 2016ರ ಮಾರ್ಚ್‌ನಲ್ಲಿ. ನಿಲ್ದಾಣದ ಹೆಸರು ಹಲವರಿಗೆ ಗೊಂದಲ ತರುತ್ತದೆ. ಅದು ಊರಿನೊಳಗಿಲ್ಲ; ಅಲ್ಲಿಂದ ಹಕೊದಾತೆ ಲೈನರ್ ಎಂಬ ಸಣ್ಣ ರೈಲಿನಲ್ಲಿ ಇಪ್ಪತ್ತು ನಿಮಿಷದಷ್ಟು ಹೋಗಬೇಕು. ಟೋಕಿಯೊದಿಂದ ಬರುವ ಹಯಾಬುಸಾ ರೈಲಿನಲ್ಲಿ ಎಲ್ಲ ಆಸನಗಳೂ ಕಾದಿರಿಸಿದವೇ. ರೈಲಿನ ದಾರಿಗೆ ಒಂದು ವಿಶೇಷವಿದೆ: ಕಡಲಿನಡಿ ಹಾದುಹೋಗುವ 53.85 ಕಿಲೋಮೀಟರ್ ಉದ್ದದ ಸೇಕಾನ್ ಸುರಂಗ. 1988ರಲ್ಲಿ ಅದು ತೆರೆಯುವ ತನಕ ರೈಲಿನ ಪ್ರಯಾಣಿಕರೆಲ್ಲ ಹಡಗಿನಲ್ಲೇ ಜಲಸಂಧಿ ದಾಟುತ್ತಿದ್ದರು. ಆ ಹಡಗುಗಳಲ್ಲೊಂದಾದ ಮಾಶು ಮಾರು ಈಗ ಊರೊಳಗಿನ ಹಕೊದಾತೆ ನಿಲ್ದಾಣದ ಹಿಂದೆಯೇ ಲಂಗರು ಹಾಕಿ ವಸ್ತುಸಂಗ್ರಹಾಲಯವಾಗಿದೆ. ಬಾಣಬಿರುಸಿನ ದಿನ ಹಗಲು ಕಳೆಯಲು ಇದಕ್ಕಿಂತ ತಕ್ಕ ಜಾಗ ಕಾಣುವುದಿಲ್ಲ.

ಊರೊಳಗೆ ಓಡಾಡಲು ಟ್ರಾಮು ಸಾಕು. ಹಿಂದಿನ ಬಾಗಿಲಿನಿಂದ ಹತ್ತಿ ಅಂಕಿ ಇರುವ ಚೀಟಿ ತೆಗೆದುಕೊಂಡು, ಇಳಿಯುವಾಗ ಮುಂದೆ ಚಾಲಕನ ಪಕ್ಕದ ಪೆಟ್ಟಿಗೆಗೆ ಹಣ ಹಾಕುವುದು ಕ್ರಮ. ಟೋಕಿಯೊದಲ್ಲಿ ಕೊಂಡ ಐಸಿ ಕಾರ್ಡೂ ನಡೆಯುತ್ತದೆ. ಕೆಂಪು ಉಗ್ರಾಣಗಳಿಗೆ ಹತ್ತಿರದ ನಿಲ್ದಾಣ ಜೂಜಿಗಾಯ್. ಸಂಜೆಯ ಹೊತ್ತಿಗೆ ಟ್ರಾಮು ಉಸಿರಾಡಲೂ ಆಗದಷ್ಟು ತುಂಬಿರುತ್ತದೆ. ರೈಲು ನಿಲ್ದಾಣದಿಂದ ಬಂದರಿಗೆ ಕಾಲ್ನಡಿಗೆಯ ದಾರಿ ಕಾಲು ಗಂಟೆಯದು. ಮಕ್ಕಳು, ವೃದ್ಧರು ಜೊತೆಗಿಲ್ಲದಿದ್ದರೆ ನಡೆಯುವುದೇ ಮೇಲು.

ಕೂರುವ ಜಾಗದ ಆಯ್ಕೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕು. ಬಾಣಬಿರುಸು ಚೆನ್ನಾಗಿ ಕಾಣುವುದು ತೊಯೊಕಾವಾ ಧಕ್ಕೆ ಮತ್ತು ಕೆಂಪು ಉಗ್ರಾಣಗಳ ಸುತ್ತಲಿನ ದಡದಿಂದ. ಮಧ್ಯಾಹ್ನದಿಂದಲೇ ಕುಟುಂಬಗಳು ನೀಲಿ ಹಾಳೆ ಹಾಸಿ ಜಾಗ ಹಿಡಿಯುತ್ತವೆ. ಇದಕ್ಕೆ ಬಶೊ-ತೊರಿ ಎನ್ನುತ್ತಾರೆ, ಇದಕ್ಕೂ ಮರ್ಯಾದೆಯ ಕಟ್ಟುಗಳಿವೆ. ಹಾಳೆ ಹಾಸಲು ಅನುಮತಿ ಇರುವ ಹೊತ್ತಿಗೆ ಮುಂಚೆ ಹಾಸಬಾರದು. ಜನರಿಗೆ ತಕ್ಕಷ್ಟೇ ಜಾಗ ಹಿಡಿಯಬೇಕು, ದಾರಿಗೆ ಅಡ್ಡ ಹಾಸಬಾರದು, ಇನ್ನೊಬ್ಬರ ಹಾಳೆಯನ್ನು ತುಳಿದು ದಾಟಬಾರದು. ಹಾಳೆ ಹಾಸಿದ ಮೇಲೆ ಅದು ಮನೆಯ ಜಗಲಿಯಿದ್ದಂತೆ, ಚಪ್ಪಲಿ ಹೊರಗೆ ಬಿಟ್ಟೇ ಕೂರಬೇಕು. ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಾಳೆ ನೂರು ಯೆನ್ ಅಂಗಡಿಗಳಲ್ಲಿ ಸಿಗುತ್ತದೆ.

ಜಾಗ ಹುಡುಕುವಾಗ ಮೊದಲು ನೋಡಬೇಕಾದದ್ದು ಗಾಳಿಯ ದಿಕ್ಕು. ಗಾಳಿ ಬೀಸಿ ಬರುವ ಕಡೆ, ಅಂದರೆ ಬೆನ್ನಿಗೆ ಗಾಳಿ ಬಡಿಯುವಂತೆ ಕೂತರೆ ಹೊಗೆ ಆಚೆ ಹೋಗುತ್ತದೆ, ಪ್ರತಿ ಹೂವೂ ಶುಚಿಯಾಗಿ ಅರಳುತ್ತದೆ. ಎದುರಿನಿಂದ ಗಾಳಿ ಬಂದರೆ ಹೊಗೆ ನೋಡುವವರ ತಲೆಯ ಮೇಲೇ ಬಂದು ನಿಂತು, ಹತ್ತು ನಿಮಿಷದ ಮೇಲೆ ಬೆಳಕಿನ ಮಬ್ಬು ಬಿಟ್ಟು ಬೇರೇನೂ ಕಾಣುವುದಿಲ್ಲ. ಬೂದಿಯ ಚೂರುಗಳೂ ಬಟ್ಟೆಯ ಮೇಲೆ ಬೀಳುತ್ತವೆ. ದೋಣಿಗಳ ಬಾವುಟ ನೋಡಿದರೆ ದಿಕ್ಕು ತಿಳಿಯುತ್ತದೆ. ಬಂದರಿನಲ್ಲಿ ಇನ್ನೊಂದು ಲಾಭವಿದೆ: ನೀರಿಗೆ ಹತ್ತಿರ, ತಗ್ಗಿನಲ್ಲಿ ಕೂತವರಿಗೆ ಪ್ರತಿ ಹೂವೂ ಎರಡು ಸಲ ಕಾಣುತ್ತದೆ, ಮೇಲೊಮ್ಮೆ, ಕೆಳಗೆ ಅಲೆಗಳಲ್ಲಿ ಕದಡಿದಂತೆ ಇನ್ನೊಮ್ಮೆ. ಈ ಒಂದು ಕಾರಣಕ್ಕೇ ಹಲವರು ಹೊಗಳುವ ಎತ್ತರದ ಜಾಗಗಳಿಗಿಂತ ದಡವೇ ಮೇಲು ಎನ್ನಬಹುದು.

ಎತ್ತರದ ಜಾಗ ಎಂದರೆ ಹಕೊದಾತೆ ಬೆಟ್ಟ. 125 ಜನ ಹಿಡಿಯುವ ರೋಪ್‌ವೇ ಮೂರು ನಿಮಿಷದಲ್ಲಿ ತುದಿ ಮುಟ್ಟಿಸುತ್ತದೆ. ಬೇಸಿಗೆಯ ಸಂಜೆ ಖಾಸಗಿ ವಾಹನಗಳಿಗೆ ಬೆಟ್ಟದ ರಸ್ತೆಯಲ್ಲಿ ಪ್ರವೇಶವಿಲ್ಲ. ಎರಡು ಕಡಲುಗಳ ನಡುವೆ ಸೊಂಟದಂತೆ ಕಿರಿದಾದ ಊರು ದೀಪಗಳಿಂದ ಮಿನುಗುವ ನೋಟಕ್ಕೆ ಜಪಾನಿನಲ್ಲೇ ಹೆಸರಿದೆ. ಆದರೆ ಬಾಣಬಿರುಸಿನ ರಾತ್ರಿ ಅಲ್ಲಿ ಸಾಲು ಬಹಳ ಉದ್ದ, ಮಂಜು ಕವಿದರೆ ಏನೂ ಕಾಣದು, ಹೂವುಗಳೂ ಕಾಲ ಕೆಳಗೆ ಸಣ್ಣದಾಗಿ ಅರಳುತ್ತವೆ. ಬೆಟ್ಟವನ್ನು ಬೇರೆ ರಾತ್ರಿಗೆ ಇಟ್ಟುಕೊಳ್ಳುವುದು ಒಳ್ಳೆಯದು. ನಡುವಿನ ದಾರಿ ಬೇಕೆಂದರೆ ಮೊತೊಮಾಚಿಯ ಇಳಿಜಾರು ಬೀದಿಗಳಿವೆ. ಹಚಿಮಾನ್ ಇಳಿಜಾರು ನೇರವಾಗಿ ಬಂದರಿಗೆ ಮುಖಮಾಡಿದೆ. ನಿಜುಕ್ಕೆನ್ ಇಳಿಜಾರಿಗೆ ಆ ಹೆಸರು ಬಂದದ್ದು ಅದರ ಅಗಲದಿಂದ: ಇಪ್ಪತ್ತು ಕೆನ್, ಅಂದರೆ ಸುಮಾರು 36 ಮೀಟರ್. 1879ರ ಬೆಂಕಿಯ ನಂತರ, ಇನ್ನೊಮ್ಮೆ ಕಿಡಿ ಹಾರಿದರೆ ಆಚೆ ದಾಟದಿರಲೆಂದು ಇಷ್ಟು ಅಗಲ ಮಾಡಿದರು. ಈ ಬೀದಿಗಳಿಂದ ಮನೆಗಳ ನಡುವಿನ ಆಕಾಶದ ಒಂದು ಸೀಳಿನಲ್ಲಿ ಮಾತ್ರ ಹೂವು ಕಾಣುತ್ತದೆ, ಆದರೆ ನೂಕುನುಗ್ಗಲು ದಡಕ್ಕಿಂತ ಕಡಿಮೆ. ಕೂಸುಗಳನ್ನು ಎತ್ತಿಕೊಂಡವರಿಗೆ, ಸದ್ದಿಗೆ ಹೆದರುವವರಿಗೆ ಇಲ್ಲಿ ಅನುಕೂಲ.

ಗೊಂದಲವೇ ಬೇಡ ಎನ್ನುವವರಿಗೆ ಕಾಸು ಕೊಟ್ಟು ಕೊಳ್ಳುವ ಆಸನಗಳಿರುತ್ತವೆ. ಜಪಾನಿನ ಬಾಣಬಿರುಸುಗಳಿಗೆ ಇಂಥ ಟಿಕೆಟ್ಟು ಸಾಮಾನ್ಯವಾಗಿ ಕನ್ವೀನಿಯೆನ್ಸ್ ಅಂಗಡಿಗಳ ಯಂತ್ರಗಳಲ್ಲಿ ಸಿಗುತ್ತದೆ. ಯಂತ್ರದ ಪರದೆ ಜಪಾನೀಯಲ್ಲೇ ಇರುವುದರಿಂದ ಹೋಟೆಲಿನವರ ನೆರವು ಕೇಳಬಹುದು.

ಆಗಸ್ಟ್ ಆರಂಭದಲ್ಲಿ ಇಲ್ಲಿ ಸೂರ್ಯ ಮುಳುಗುವುದು ಸಂಜೆ ಏಳರ ಹೊತ್ತಿಗೆ. ಪೂರ್ತಿ ಕತ್ತಲಾದ ಮೇಲೆ, ಎಂಟರ ಆಸುಪಾಸಿಗೆ ಮೊದಲ ಗುಂಡು ಏಳುತ್ತದೆ. ಗುಂಡಿನ ಗಾತ್ರವನ್ನು 'ಗೋ' ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಗೋ ಎಂದರೆ ಅಡ್ಡಳತೆಯಲ್ಲಿ ಸುಮಾರು ಮೂರು ಸೆಂಟಿಮೀಟರ್. ಮೂರು ಗೋ ಗುಂಡು ನೂರಿಪ್ಪತ್ತು ಮೀಟರಿನಷ್ಟು ಏರಿ ಅರಳುತ್ತದೆ. ಹತ್ತು ಗೋ ಗುಂಡು ಏರುವ ಎತ್ತರ 330 ಮೀಟರ್, ಅಂದರೆ ಸರಿಸುಮಾರು ಹಕೊದಾತೆ ಬೆಟ್ಟದಷ್ಟು. ಅರಳಿದಾಗ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಪೇಟೆಯ ಮಗ್ಗುಲಲ್ಲೇ ಹಾರಿಸುವಾಗ ಎಷ್ಟು ದೊಡ್ಡ ಗುಂಡು ಬಳಸಬಹುದು ಎಂಬುದನ್ನು ಸುತ್ತಲಿನ ಸುರಕ್ಷಿತ ಅಂತರ ನಿರ್ಧರಿಸುತ್ತದೆ.

ಗುಂಡಿನೊಳಗೆ 'ಹೊಶಿ', ಅಂದರೆ ನಕ್ಷತ್ರ ಎಂದು ಕರೆಯುವ ಮದ್ದಿನ ಉಂಡೆಗಳನ್ನು ಗೋಡೆಗೆ ಒತ್ತಿ ಒಂದೊಂದಾಗಿ ಕೈಯಲ್ಲೇ ಜೋಡಿಸುತ್ತಾರೆ, ನಡುವೆ ಸಿಡಿಯುವ ಮದ್ದು. ಗುಂಡು ಮೇಲೇರಿ, ಇನ್ನು ಏರಲಾರದೆ ನಿಂತ ಕ್ಷಣದಲ್ಲೇ ಸಿಡಿದರೆ ಹೂವು ದುಂಡಗಿರುತ್ತದೆ. ಯಾವ ಕಡೆಯಿಂದ ನೋಡಿದರೂ ದುಂಡಗೆ ಕಾಣುವುದೇ ಜಪಾನಿನ ಕಸುಬುದಾರರ ಹೆಮ್ಮೆ. ಹೆಸರುಗಳನ್ನು ತಿಳಿದುಕೊಂಡರೆ ನೋಟಕ್ಕೆ ರುಚಿ ಬರುತ್ತದೆ. ಎಸಳುಗಳು ಬಾಲ ಎಳೆಯುತ್ತಾ ಹರಡಿದರೆ ಅದು ಕಿಕು, ಸೇವಂತಿಗೆ. ಬಾಲವಿಲ್ಲದೆ ಚುಕ್ಕಿಗಳಾಗಿ ಹರಡಿದರೆ ಬೊತಾನ್. ಬಂಗಾರದ ಎಳೆಗಳು ನೀರಿನವರೆಗೂ ಜೋತುಬಿದ್ದರೆ ಕಮುರೊ. ದೊಡ್ಡ ಹೂವು ಮಾಯವಾಗಿ ಒಂದು ಕ್ಷಣ ಬಿಟ್ಟು ನೂರಾರು ಪುಟ್ಟ ಹೂವುಗಳು ಒಟ್ಟಿಗೆ ಅರಳಿದರೆ ಸೆನ್ರಿನ್. ಸಾಲಾಗಿ ಬಿಡುವಿಲ್ಲದೆ ಏಳುವುದಕ್ಕೆ ಸ್ಟಾರ್‌ಮೈನ್ ಎನ್ನುತ್ತಾರೆ, ಕೊನೆಯ ನಿಮಿಷಗಳೆಲ್ಲ ಅದೇ. ಅದಕ್ಕೂ ಮೊದಲು, ಒಂದು ಸರಣಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಬಿಡುವು ಬರುತ್ತದೆ. ಹೊಸಬರು ಆಗ ಮುಗಿಯಿತೆಂದು ಏಳುತ್ತಾರೆ. ಏಳಬಾರದು. ಆ ಕತ್ತಲೆಯಲ್ಲಿ ಹೊಗೆ ಸರಿಯಲೆಂದು ಕಾಯುತ್ತಿರುತ್ತಾರೆ, ನೆರೆದ ಜನರೂ ಸುಮ್ಮನೆ ನೀರನ್ನು ನೋಡುತ್ತಾ ಕೂತಿರುತ್ತಾರೆ. ಆ ಮೌನವೂ ಕಾರ್ಯಕ್ರಮದ ಭಾಗವೇ.

ಬೆಳಕು ಕಂಡು ಎರಡು ಸೆಕೆಂಡಿನ ಮೇಲೆ ಸದ್ದು ಕೇಳಿದರೆ ದೂರ ಸುಮಾರು ಏಳುನೂರು ಮೀಟರ್. ತೀರ ಹತ್ತಿರವಿದ್ದರೆ ಸದ್ದು ಎದೆಗೆ ಬಡಿಯುತ್ತದೆ; ಚಿಕ್ಕ ಮಕ್ಕಳ ಕಿವಿಗೆ ಹತ್ತಿಯಾದರೂ ಇರಲಿ. ಫೋಟೊ ತೆಗೆಯುವವರು ಕಡಿಮೆ ಐಎಸ್‌ಒ, ಕಿರಿದಾದ ಅಪರ್ಚರ್ ಇಟ್ಟು, ಮೂರು ನಾಲ್ಕು ಸೆಕೆಂಡು ಶಟರ್ ತೆರೆದಿಡಬೇಕು. ಮೊದಲ ಕೆಲವು ನಿಮಿಷ ಹೊಗೆ ಇರುವುದಿಲ್ಲವಾದ್ದರಿಂದ ಒಳ್ಳೆಯ ಚಿತ್ರಗಳು ಆಗಲೇ ಸಿಗುತ್ತವೆ. ಮುಕ್ಕಾಲಿ ಸ್ಟ್ಯಾಂಡನ್ನು ಜನರ ನಡುವೆ ಊರಬಾರದು. ಡ್ರೋನ್ ಹಾರಿಸುವ ಯೋಚನೆಯನ್ನೇ ಬಿಡಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಹಕೊದಾತೆ ಎಂದರೆ ನಮ್ಮ ಕರಾವಳಿಯಲ್ಲಿ ಬೊಂಡಾಸ ಎನ್ನುವ ಇಕಾ. ಅದು ಊರಿನ ಅಧಿಕೃತ ಮೀನು. ಇತ್ತೀಚಿನ ವರ್ಷಗಳಲ್ಲಿ ಅದು ಬಲೆಗೆ ಬೀಳುವುದು ಬಹಳ ಕಡಿಮೆಯಾಗಿದ್ದರೂ ಮಳಿಗೆಗಳಲ್ಲಿ ಸುಟ್ಟ ಇಕಾದ ಘಮ ತಪ್ಪುವುದಿಲ್ಲ. ಮೀನು ತಿನ್ನುವವರಿಗೆ ನಿಲ್ದಾಣದ ಪಕ್ಕದ ಬೆಳಗಿನ ಮಾರುಕಟ್ಟೆ ಸ್ವರ್ಗ. ತಿನ್ನದವರು ಯಾಕಿಸೋಬಾ ಎಂಬ ನೂಡಲ್ಸಿನಲ್ಲಿ ಹಂದಿಮಾಂಸ, ತಕೊಯಾಕಿ ಎಂಬ ಹಿಟ್ಟಿನ ಉಂಡೆಗಳಲ್ಲಿ ಅಷ್ಟಪಾದಿ ಇರುತ್ತದೆಂದು ತಿಳಿದಿರಬೇಕು. ತರಕಾರಿಯ ಸಾರಿನಲ್ಲೂ ಒಣಮೀನಿನ ದಾಶಿ ಇರಬಹುದು. ನಂಬಬಹುದಾದದ್ದು ಹೊಕ್ಕಾಯ್ದೊ ಹೆಸರುವಾಸಿಯಾದ ಬೆಳೆಗಳೇ: ಸೋಯಾ ಸಾಸ್ ಸವರಿ ಕೆಂಡದಲ್ಲಿ ಸುಟ್ಟ ಜೋಳದ ತೆನೆ, ಬೆಣ್ಣೆ ಹಾಕಿದ ಬೇಯಿಸಿದ ಆಲೂಗಡ್ಡೆ, ಎದಮಾಮೆ ಕಾಯಿ, ಕಕಿಗೋರಿ ಎಂಬ ಐಸಿನ ಪುಡಿ, ಹಾಲಿನ ಐಸ್‌ಕ್ರೀಮು. ಹೊಟ್ಟೆ ತುಂಬುವ ಊಟವನ್ನು ಮೊದಲೇ ಮುಗಿಸಿಕೊಂಡು ಅಥವಾ ಕಟ್ಟಿಕೊಂಡು ಹೋಗುವುದು ಸರಿ. ಮಳಿಗೆಗಳಲ್ಲಿ ಚಿಲ್ಲರೆ ನಗದು ಬೇಕು.

ಬೇಸಿಗೆ ಎಂದ ಮಾತ್ರಕ್ಕೆ ಟೋಕಿಯೊದ ಸೆಕೆ ಇಲ್ಲಿಲ್ಲ. ಹಕೊದಾತೆಯಲ್ಲಿ ಆಗಸ್ಟಿನ ಸರಾಸರಿ ಉಷ್ಣತೆ 22 ಡಿಗ್ರಿಯ ಆಸುಪಾಸು. ರಾತ್ರಿ ಕಡಲ ಗಾಳಿಗೆ ಎರಡು ಗಂಟೆ ಕೂತರೆ ಬೆಂಗಳೂರಿನವರಿಗೂ ನಡುಕ ಬರಬಹುದು. ಒಂದು ಜಾಕೆಟ್ಟು ಇರಲಿ. ಯುಕಾತಾ ಎಂಬ ತೆಳು ಹತ್ತಿಯ ನಿಲುವಂಗಿ ಉಟ್ಟು ಬರುವವರು ಬಹಳ, ವಿದೇಶಿಯರು ಉಟ್ಟರೆ ಸಂತೋಷವನ್ನೇ ಪಡುತ್ತಾರೆ. ಎಡಗಡೆಯ ಅಂಚು ಬಲದ ಮೇಲೆ ಬರುವಂತೆ ಉಡಬೇಕು. ಬಲವನ್ನು ಮೇಲೆ ತಂದು ಉಡಿಸುವುದು ಶವಕ್ಕೆ.

ಕಸದ ತೊಟ್ಟಿಗಳು ಸಿಗುವುದು ಅಪರೂಪ. ಕಸವನ್ನು ಚೀಲದಲ್ಲಿ ಹಾಕಿ ಜೊತೆಗೇ ಒಯ್ಯಬೇಕು. ಶೌಚಾಲಯದ ಸಾಲು ಬಾಣಬಿರುಸಿಗೆ ಮುಂಚಿನ ಅರ್ಧ ಗಂಟೆಯಲ್ಲಿ ಅತಿ ಉದ್ದ. ಮೊಬೈಲ್ ಸಂಪರ್ಕ ಕೈಕೊಡಬಹುದಾದ್ದರಿಂದ, ಚದುರಿಹೋದರೆ ಎಲ್ಲಿ ಸೇರುವುದೆಂದು ಮೊದಲೇ ಮಾತಾಡಿಕೊಂಡಿರಬೇಕು. ಬಂದರಿನಲ್ಲಿರುವಾಗ ಭೂಕಂಪವಾಗಿ ಸುನಾಮಿ ಎಚ್ಚರಿಕೆ ಬಂದರೆ ದಡ ಬಿಟ್ಟು ಮೊತೊಮಾಚಿಯ ಇಳಿಜಾರುಗಳನ್ನು ಏರಬೇಕು.

ಹಿಂತಿರುಗುವ ಹೊತ್ತೇ ಅತ್ಯಂತ ಅಪಾಯದ್ದು. 2001ರ ಜುಲೈ 21ರಂದು ಹ್ಯೋಗೊ ಪ್ರಾಂತದ ಆಕಾಶಿಯಲ್ಲಿ ಬಾಣಬಿರುಸು ಮುಗಿದು ಹೊರಟವರೂ ಬರುತ್ತಿದ್ದವರೂ ಒಂದು ಕಾಲುಸೇತುವೆಯ ಮೇಲೆ ಎದುರುಬದುರಾಗಿ ಸಿಲುಕಿ 11 ಮಂದಿ ಸತ್ತರು. ಅವರಲ್ಲಿ ಒಂಬತ್ತು ಮಂದಿ ಮಕ್ಕಳು. ಜಪಾನಿನ ಬಾಣಬಿರುಸುಗಳಲ್ಲಿ ಇಂದು ಹೆಜ್ಜೆಹೆಜ್ಜೆಗೂ ಕಾವಲಿನವರು, ಒಮ್ಮುಖ ದಾರಿ, ಸೇತುವೆಯ ಮೇಲೆ ನಿಲ್ಲಬೇಡಿ ಎಂಬ ಕೂಗು ಇರುವುದರ ಹಿಂದೆ ಆ ನೋವಿದೆ. ಭಾಷೆ ಬರದಿದ್ದರೂ ಕೈಸನ್ನೆ ನೋಡಿ ನಡೆಯಬೇಕು. ಹತ್ತಿರದ ದಾರಿ ಎಂದು ಪ್ರವಾಹಕ್ಕೆ ಎದುರು ನುಗ್ಗಬಾರದು. ಎಲ್ಲಕ್ಕಿಂತ ಸುಲಭದ ಉಪಾಯ ಎಂದರೆ ಕೂಡಲೇ ಏಳದಿರುವುದು. ಅರ್ಧ ಗಂಟೆ ದಡದಲ್ಲೇ ಕೂತರೆ ಜನ ಕರಗುತ್ತಾರೆ, ಹೊಗೆ ತಿಳಿಯಾಗುತ್ತದೆ, ಕೆಂಪು ಉಗ್ರಾಣಗಳ ದೀಪಗಳು ನೀರಿನಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ.

ಮರುದಿನವೇ ಊರು ಬಿಡಬೇಕಾಗಿಲ್ಲ. ಆಗಸ್ಟ್ 2 ಮತ್ತು 3ರಂದು 'ವಾಸ್ಶೊಯ್ ಹಕೊದಾತೆ' ಎಂಬ ಮೆರವಣಿಗೆಯಲ್ಲಿ ಸಾವಿರಾರು ಜನ ಕುಣಿಯುತ್ತಾ ಬೀದಿಯಲ್ಲಿ ಸಾಗುತ್ತಾರೆ. ಮೆರವಣಿಗೆಯ ಇಕಾ ಕುಣಿತದ ಹೆಜ್ಜೆಗಳು ಐದು ನಿಮಿಷದಲ್ಲಿ ಬರುವಂಥವು. ಹೊರಗಿನವರು ಸೇರಿಕೊಳ್ಳಲೂ ಅವಕಾಶವಿರುತ್ತದೆ. ಇನ್ನೂ ಬಿಡುವಿದ್ದವರು ಜಲಸಂಧಿ ದಾಟಿ ಅಓಮೊರಿಗೆ ಹೋಗಬಹುದು: ಶಿಂಕಾನ್‌ಸೆನ್ನಿನಲ್ಲಿ ಒಂದು ಗಂಟೆ, ಹಡಗಿನಲ್ಲಿ ಮೂರು ಗಂಟೆ ನಲವತ್ತು ನಿಮಿಷ. ಅಲ್ಲಿ ನೆಬುತಾ ಉತ್ಸವದ ಕೊನೆಯ ರಾತ್ರಿ, ಆಗಸ್ಟ್ 7ರಂದು, ಬಣ್ಣದ ಕಾಗದದ ಬೃಹತ್ ಮೂರ್ತಿಗಳನ್ನು ದೋಣಿಗಳಲ್ಲಿರಿಸಿ ಬಂದರಿನಲ್ಲಿ ಮೆರೆಸುತ್ತಾರೆ, ಅವುಗಳ ಮೇಲೆ ಇನ್ನೊಂದು ಬಾಣಬಿರುಸು ಅರಳುತ್ತದೆ.